ಅಳೆಯದ ಜಾಗಕ್ಕೆ ತುಂಬಿದ ಸೊನ್ನೆ

ಪರದೆಯ ಮೇಲೆ ಮೊದಲು ಬಂದದ್ದು ಕೆಂಪು ಗೆರೆ. ಅದು ಸಿದ್ದಲಿಂಗೇಶನದು.

"ಈಗ ನಿಂದು ಹಾಕವ್ವ," ಎಂದರು ಯೂಸುಫ ಸರ್.

ನೇತ್ರಾವತಿ ಕೀ ಒತ್ತಿದಳು. ಅವಳ ನೀಲಿ ಗೆರೆ ಎಡಗಡೆಯಿಂದ ಹೊರಟಿತು. ಕೆಂಪು ಏರಿದಲ್ಲಿ ಏರಿತು, ಇಳಿದಲ್ಲಿ ಇಳಿಯಿತು. ಬಲತುದಿ ಮುಟ್ಟುವ ಹೊತ್ತಿಗೆ, ಕೆಂಪು ಕಾಣದಂತೆ ಅದರ ಮೇಲೆ ಮಲಗಿಬಿಟ್ಟಿತು.

ಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಕೆಳಗಿನ ಅಡುಗೆಮನೆಗೆ ಕೇಳುವಂತೆ ಕೂಗಿದರು. "ಗೌಸಬೀ! ಇವತ್ತರ ಚಾಕ್ಕ ಸಕ್ರಿ ಹಾಕು!"

"ಡಾಕ್ಟರ್ ಏನಂದಾರ, ನೆಪ್ಪೈತೇನು?" ಹೆಂಡತಿಯ ಉತ್ತರ ಮೆಟ್ಟಿಲು ಹತ್ತಿ ಬಂತು.

ಸಿದ್ದು ನಗಲಿಲ್ಲ. ನೇತ್ರಾವತಿಯ ಕಡೆ ತಿರುಗಲೂ ಇಲ್ಲ. ಕಿರುಬೆರಳಿನಿಂದ ಮೇಜಿನ ಅಂಚನ್ನು ಒಮ್ಮೆ ಮೆಲ್ಲಗೆ ತಟ್ಟಿದ, ಅಷ್ಟೇ. ಮೂರನೆಯವರ ಎದುರು ಅವರಿಬ್ಬರೂ ಆಡುತ್ತಿದ್ದ ಮಾತು ಅದೊಂದೇ. ಅವಳ ಕಿವಿ ಬಿಸಿಯಾಯಿತು. ಕೂದಲನ್ನು ಹಿಂದಕ್ಕೆ ಸರಿಸುವ ನೆಪದಲ್ಲಿ ಅವಳು ಆ ಕಿವಿಯನ್ನು ಮುಚ್ಚಿಕೊಂಡಳು.

ಇಬ್ಬರೂ ಡಿಗ್ರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು. ಅವಳು ಗಂಗಾವತಿಯಲ್ಲಿ, ಅವನು ಕುಷ್ಟಗಿಯಲ್ಲಿ. ರಜೆ ಸಿಕ್ಕಾಗಲೆಲ್ಲ ಕೊಪ್ಪಳಕ್ಕೆ, ಯೂಸುಫ ಸರ್ ಮನೆಯ ಮಹಡಿಗೆ ಬರುತ್ತಿದ್ದರು. ದೊಡ್ಡ ದುರ್ಬೀನುಗಳಿರುವ ದೇಶಗಳಲ್ಲಿ ಕೆಲಸ ಮಾಡಿ, ಮೂತ್ರಪಿಂಡ ಕೆಟ್ಟ ಮೇಲೆ ಹುಟ್ಟೂರಿಗೆ ಮರಳಿದ್ದ ಸರ್, ಉಪಗ್ರಹವೊಂದು ಅಳೆದ ಆಕಾಶದ ನಕ್ಷೆಗಳನ್ನು ಅಲ್ಲಿ ಇಟ್ಟುಕೊಂಡು ಕೂತಿದ್ದರು. ಆ ನಕ್ಷೆಗಳಲ್ಲಿ ಇದ್ದದ್ದು ವಿಶ್ವದ ಅತಿ ಹಳೆಯ ಬೆಳಕು. ಕಣ್ಣಿಗೆ ಕಾಣದ ಬೆಳಕು ಅದು, ಮೈಕ್ರೋವೇವ್ ಆಗಿ ಎಲ್ಲ ದಿಕ್ಕಿನಿಂದಲೂ ಇವತ್ತಿಗೂ ಬರುತ್ತಲೇ ಇದೆ.

ಆದರೆ ನಮ್ಮನ್ನು ಮುಟ್ಟುವ ಮುನ್ನ ಅದು ನಮ್ಮದೇ ಗೆಲಾಕ್ಸಿಯನ್ನು ದಾಟಬೇಕು. ಇಲ್ಲಿನ ತಣ್ಣನೆಯ ಗ್ಯಾಸಿನ ಮೋಡಗಳೂ ಮೈಕ್ರೋವೇವ್‌ನಲ್ಲೇ ಮಿನುಗುತ್ತವೆ. ಆ ಮಿನುಗನ್ನು ಕಳೆಯದಿದ್ದರೆ, ಪಕ್ಕದ ಗ್ಯಾಸನ್ನೇ ಆದಿಯ ಬೆಳಕೆಂದು ನಂಬಿ ಕೂರಬೇಕಾಗುತ್ತದೆ.

"ನಮ್ಮೂರಾಗ ಬಿಳಿ ಅಂಗಿ ಒಣಾಕಿದ್ರ ಕಾರ್ಖಾನಿ ಮಸಿ ಕುಂದರತೈತಿ," ಎನ್ನುತ್ತಿದ್ದರು ಸರ್. "ಮಸಿ ಯಾವುದು, ಅಂಗೀದು ಹುಟ್ಟು ಕಲಿ ಯಾವುದು ಅಂತ ಹೇಳೋದು, ಅಷ್ಟ ನಮ್ಮ ಕೆಲಸ."

ಅದಕ್ಕೇ ಅವರದೊಂದು ಕಟ್ಟುನಿಟ್ಟು. ಎರಡು ಕೋಣೆ, ಎರಡು ದಾರಿ. ಸಿದ್ದು, ನೆಲದ ಮೇಲಿನ ದುರ್ಬೀನುಗಳು ಮಾಡಿದ ಗ್ಯಾಸಿನ ನಕ್ಷೆ ತಂದು ಕಳೆಯಬೇಕು. ನೇತ್ರಾವತಿ ಬೇರೆಯವರ ನಕ್ಷೆ ಮುಟ್ಟಬಾರದು. ಉಪಗ್ರಹ ಬೇರೆಬೇರೆ ಅಲೆಗಳಲ್ಲಿ ಅಳೆದದ್ದನ್ನು ಹೋಲಿಸಿಯೇ ಗ್ಯಾಸನ್ನು ಹಿಡಿಯಬೇಕು. ಕೆಲಸ ಮುಗಿಯುವವರೆಗೆ ಒಬ್ಬರ ಲೆಕ್ಕ ಇನ್ನೊಬ್ಬರು ನೋಡುವಂತಿಲ್ಲ. "ಅಲ್ಲೀ ತನಕ ನೀವಿಬ್ಬರೂ ಸವತೇರು," ಎಂದು ಸರ್ ನಗುತ್ತಿದ್ದರು.

ಈಗ ಎರಡು ದಾರಿಗಳೂ ಒಂದೇ ಊರಿಗೆ ಬಂದು ಸೇರಿದ್ದವು. ಗ್ಯಾಸನ್ನೆಲ್ಲ ಕಳೆದ ಮೇಲೂ, ದಕ್ಷಿಣದ ಆಕಾಶದ ಒಂದು ಮೂಲೆಯಲ್ಲಿ ಹಳೆಯ ಬೆಳಕು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಬೆಚ್ಚಗಿತ್ತು. ಹಾಗೆ ಯಾರೂ ಹೇಳಿರಲಿಲ್ಲ. ಕೊಪ್ಪಳದ ಒಂದು ಮಹಡಿಯಿಂದ ಇವರು ಪೇಪರ್ ಬರೆದು ಹೇಳಲಿದ್ದರು.

ಅವತ್ತು ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ನಡುವೆ ಒಂದು ಬ್ಯಾಗು ಇಟ್ಟುಕೊಂಡು, ಪರಿಚಯವಿಲ್ಲದವರಂತೆ ಇಬ್ಬರೂ ಕೂತರು.

"ಮೇಡಮ್ಮಾರು ಯಾವೂರ್ರಿ?" ಎಂದ ಸಿದ್ದು, ಎದುರಿನ ಬಸ್ಸು ನೋಡುತ್ತ.

"ಶ್ರೀರಾಮನಗರ್ರಿ. ತಾವು?"

"ಕುಷ್ಟಗಿ. ಕಾಳುಕಡಿ ಅಡತಿ ಅಂಗಡಿ ಹಂಪಣ್ಣನ ಮಗ. ಹೈದರಾಬಾದಿನಾಗ ನೌಕರಿ ಆಗೂದೈತ್ರಿ. ಈ ಪೇಪರ್ ಅಚ್ಚಾದ್ರ ಪಕ್ಕಾ ಅಂದಾರ."

"ಶಾಣ್ಯಾ ಅದೀರಿ ಬಿಡ್ರಿ."

"ಮೊದಲ್ನೇ ಪಗಾರ ತಗೊಂಡು ಮನಿಗೆ ಹೋಗ್ತೀನಿ. ನಮ್ಮವ್ವನ ಮುಂದ ಇಟ್ಟು ಹೇಳ್ತೀನಿ. ಯವ್ವಾ, ಶ್ರೀರಾಮನಗರದಾಗ ಒಬ್ಬಾಕಿ ಅದಾಳ, ಭಾಳ ಜಗಳಗಂಟಿ ಅಂತ."

"ಜಾತಿ ಕೇಳಿದ್ರ?"

ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ನೌಕರಿ ಇದ್ದಾಂವ ಹೇಳಿದ್ರ ಕೇಳೂದ ಬ್ಯಾರೆ, ನೇತ್ರಾ."

ಅವಳಿಗೆ ಆ ಮಾತು ಸಾಕಾಗಿತ್ತು. ಇಷ್ಟು ವರ್ಷ ಅವಳು ಬದುಕಿದ್ದು ಅದಕ್ಕಿಂತ ಕಡಿಮೆಯಲ್ಲಿ. ಬ್ಯಾಗಿನ ಹಿಂದೆ ಅವನ ಬೆರಳು ಅವಳ ಬೆರಳನ್ನು ಹುಡುಕಿತು, ಸಿಕ್ಕಿತು. ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದು ಅವಳ ಕಣ್ಣ ಮುಂದೆ ಬಂತು. ಅದನ್ನು ಅವಳು ತಮ್ಮ ಲಗ್ನಪತ್ರಿಕೆಯೆಂದು ಓದಿಕೊಂಡಳು.

ಒಂದು ಸಂಗತಿಯನ್ನು ಮಾತ್ರ ಅವಳು ಮರೆತಿದ್ದಳು. ಮರೆಯಲು ಇಷ್ಟಪಟ್ಟಿದ್ದಳು.

ಲೆಕ್ಕ ಒಪ್ಪಿಸುವ ಗಡುವು ಹತ್ತಿರವಾದಾಗ ಅವಳ ತಾಯಿ ಹುಲಿಗವ್ವನಿಗೆ ಗರ್ಭಕೋಶದ ಆಪರೇಶನ್ ಆಗಿತ್ತು. ದವಾಖಾನೆಯ ವರಾಂಡದಲ್ಲಿ ನೇತ್ರಾವತಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಸಾಲು ಬರೆದು, ರಕ್ತದ ಬಾಟಲಿಗೆ ಓಡಿ, ಬಂದು ಆ ಸಾಲನ್ನೇ ಅಳಿಸುತ್ತಿದ್ದಳು. ಸಿದ್ದು ಕುಷ್ಟಗಿಯಿಂದ ಬಂದ. ಗಂಜಿ ತಂದ. ಔಷಧಿ ಅಂಗಡಿಯ ಸಾಲಿನಲ್ಲಿ ನಿಂತ. ಮೂರನೆಯ ದಿನ ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ.

"ನನ್ನ ಗ್ಯಾಸಿನ ನಕ್ಷಿ ಹಾಕ್ತೀನಿ. ಮುಗಸು."

"ಸರ್ ಬ್ಯಾಡಂದಾರ."

"ಗ್ಯಾಸ್ ಎಲ್ಲಿ ಐತೋ ಅಲ್ಲೇ ಇರತೈತಿ. ನಾ ಹುಡುಕಿದ್ರೇನು, ನೀ ಹುಡುಕಿದ್ರೇನು? ನಿಮ್ಮವ್ವ ಎದ್ದ ಮ್ಯಾಲ ನಿಂದು ಮಾಡಿ ಅದರ ಜಾಗಾದಾಗ ಇಡು."

ಅವನ ಹೆಗಲ ಮೇಲೆ ತಲೆಯಿಟ್ಟು ಅವಳು ಕಣ್ಣು ಮುಚ್ಚಿದ್ದಳು. ಅವಳು ಬೇಡವೆಂದಿದ್ದು ಒಂದೇ ಸಲ.

ಅವತ್ತೇ ಅವಳ ಚಿಗವ್ವ ಮಾರೆಮ್ಮ ಬುತ್ತಿ ತಂದವಳು ಅವನನ್ನು ಮೇಲೆ ಕೆಳಗೆ ನೋಡಿ, "ಯಾರಪ್ಪಾ ನೀನು? ಹೆಸರೇನು?" ಎಂದಿದ್ದಳು.

"ರಾಮಾಂಜನೇಯ," ಎಂದಿದ್ದ ಸಿದ್ದಲಿಂಗೇಶ. ಎಲ್ಲಿಂದ ಬಂತೋ ಆ ಹೆಸರು. ಇವರ ಕೇರಿಯಲ್ಲಿ ಇಟ್ಟುಕೊಳ್ಳುವಂಥದ್ದು. ನೇತ್ರಾವತಿಗೆ ಆಗ ನಗು ಬಂದಿತ್ತು.

ಪೇಪರ್ ಒಪ್ಪಿಗೆಯಾಯಿತು. ಬರುವ ತಿಂಗಳು ಅಚ್ಚಾಗಲಿತ್ತು. ಶ್ರೀರಾಮನಗರದಲ್ಲಿ ನಾಟಿಯ ಕಾಲ. ಹುಲಿಗವ್ವ ಗದ್ದೆಗೆ ಇಳಿಯುವಂತಿರಲಿಲ್ಲ. ಬಾಗಿಲಲ್ಲಿ ಕೂತು, ಹೋಗುವ ಬರುವ ಹೆಣ್ಣಾಳುಗಳನ್ನು ಮಾತಾಡಿಸುವುದೇ ಅವಳಿಗೆ ಕೆಲಸವಾಗಿತ್ತು.

"ರಾಮಾಂಜಿ ಯಾಕ ಬರವಲ್ಲ?" ಎಂದಳು ಒಂದು ಮಧ್ಯಾಹ್ನ.

"ಕೆಲಸ ಐತವ್ವ ಅವರಿಗೆ."

"ಅವರಿಗೆ ಅಂತ! ದವಾಖಾನ್ಯಾಗ 'ಏ, ನೀರ ತಗೊಂಬಾ' ಅಂತಿದ್ದಿ. ಮಾರೆಮ್ಮಗ ಹೇಳಿ ಅವನ ಮನಿ ಕಡೆ ಕೇಳಸ್ಲೇನು? ನನ್ನ ಮೈ ತೊಳದ ನೀರು ಚೆಲ್ಲ್ಯಾನ ಆ ಹುಡುಗ. ಹೊಟ್ಟ್ಯಾಗ ಹುಟ್ಟಿದಾವ್ರೂ ಹಂಗ ಮಾಡಂಗಿಲ್ಲ."

ನೇತ್ರಾವತಿ ಒಳಗೆ ಹೋಗಿ, ಅಕ್ಕಿಯ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ತಾಯಿಯ ಮುಖ ನೋಡದಿರಲು ಏನಾದರೂ ಬೇಕಿತ್ತು. ಅರ್ಧಕ್ಕೆ ಬಿಟ್ಟಿದ್ದ ತನ್ನ ಲೆಕ್ಕವನ್ನು ತೆಗೆದಳು. ವಾರವೆಲ್ಲ ಕಾಲೇಜಿನಿಂದ ಬಂದು ಬಂದು ಅದನ್ನೇ ಮುಂದುವರಿಸಿದಳು. ಮುಗಿಸಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದಳು. ಅವನ ನಕ್ಷೆಯನ್ನು ತೆಗೆದು ತನ್ನದನ್ನು ಇಡುವುದು, ಅಷ್ಟೇ. ಗೆರೆ ಇದ್ದಲ್ಲೇ ಇರುತ್ತದೆ.

ಗೆರೆ ಇರಲಿಲ್ಲ.

ದಕ್ಷಿಣದ ಆ ಮೂಲೆ ಚಪ್ಪಟೆಯಾಗಿತ್ತು. ಬಿಸುಪು ಹೋಗಿತ್ತು. ಅವಳು ಎಲ್ಲಿ ತಪ್ಪಿದೆನೆಂದು ಮತ್ತೆ ಹುಡುಕಿದಳು, ಮತ್ತೆ ಕಳೆದಳು. ಮತ್ತೆ ಅದೇ. ಕೊನೆಗೆ ಸಿದ್ದುವಿನ ನಕ್ಷೆ ತೆರೆದು ಆ ಮೂಲೆಗೆ ಹೋದಳು. ಅಲ್ಲಿ ಸಾಲುಸಾಲು ಸೊನ್ನೆಗಳು. ನೆಲದ ದುರ್ಬೀನುಗಳು ಆ ಮೂಲೆಯನ್ನು ನೋಡಿಯೇ ಇರಲಿಲ್ಲ. ಅಳೆಯದ ಜಾಗಕ್ಕೆ ಅವನು ಸೊನ್ನೆ ತುಂಬಿದ್ದ. ಗೊತ್ತಿಲ್ಲ ಎಂಬುದನ್ನು ಇಲ್ಲ ಎಂದು ಬರೆದಿದ್ದ.

ಹೊರಗೆ ತಾಯಿ ಯಾರಿಗೋ ಹೇಳುತ್ತಿದ್ದಳು: "ನನ್ನ ಮಗಳು ಆಕಾಶದ ಲೆಕ್ಕ ಮಾಡ್ತಾಳ."

ಅವರಿಬ್ಬರೂ ಭೇಟಿಯಾಗುತ್ತಿದ್ದದ್ದು ಹೇಮಗುಡ್ಡದಲ್ಲಿ. ದುರ್ಗಮ್ಮನ ಗುಡಿಯ ಹಿಂದಿನ ಬಂಡೆಯ ನೆರಳಿಗೆ ಕುಷ್ಟಗಿಯವರು ಯಾರೂ ಬರುವುದಿಲ್ಲ. ಅವಳು ಹೇಳುವುದನ್ನೆಲ್ಲ ಸಿದ್ದು ತಲೆ ತಗ್ಗಿಸಿ ಕೇಳಿದ.

"ಮತ್ತೊಮ್ಮಿ ನೋಡಿದ್ಯಾ?"

"ನೋಡೀನಿ. ಹಳೇ ಬೆಳಕಾಗಿದ್ರ ಎಲ್ಲಾ ಅಲೆದಾಗೂ ಒಂದ ಬಿಸಿ ಇರಬೇಕು. ಇದು ಗ್ಯಾಸ್ ಮಿನುಗೂ ಅಲೆದಾಗ ಅಷ್ಟ ಐತಿ. ಉಳದದ್ರಾಗ ಇಲ್ಲ. ಇದು ನಮ್ಮ ಗೆಲಾಕ್ಸಿ ಗ್ಯಾಸ್, ಸಿದ್ದು. ಆದಿ ಬೆಳಕಲ್ಲ."

"ಗೆಲಾಕ್ಸಿ ನಡುಪಟ್ಟಿಯಿಂದ ಅಷ್ಟು ದೂರದ ಮೂಲ್ಯಾಗ ಗ್ಯಾಸ್ ಇರಂಗಿಲ್ಲ ಅಂತ ಎಲ್ಲಾರೂ ಸೊನ್ನಿನ ಹಾಕ್ತಾರ."

"ಹಾಕ್ಲಿ. ಒಬ್ಬಾಂವ ಹಾಕಿದ್ರ ಇನ್ನೊಬ್ಬಾಕಿ ಹಿಡೀಲಿ ಅಂತನ ಸರ್ ನನ್ನ ಬ್ಯಾರೆ ಕೋಣ್ಯಾಗ ಕುಂದ್ರಿಸಿದ್ರು. ನಾ ನಿನ್ನ ಹೆಗಲ ಮ್ಯಾಲ ಮಲಗಿದ್ದೆ."

ಅವನು ಒಂದು ಹುಲ್ಲುಕಡ್ಡಿಯನ್ನು ಎತ್ತಿ, ಮುರಿದು, ಮುರಿದದ್ದನ್ನೇ ಮತ್ತೆ ಮುರಿದ.

"ಹೇಳೂಣು," ಎಂದ ಕೊನೆಗೆ. "ತಪ್ಪಾತು ಅಂತ ಹೇಳೂಣು. ಆದ್ರ ನಾ ಕೊಟ್ಟೆ ಅಂತ ಬ್ಯಾಡ. ಫೈಲು ಹೆಂಗೋ ಕಲಬೆರಕಿ ಆಗ್ಯಾವ ಅನ್ನು. ಸರ್ ನಂಬ್ತಾರ."

"ನಂಬ್ತಾರ. ಅದ ಆಗವಲ್ದು ನನಗ."

"ಯಾಕ ಕೊಟ್ಟಿ ಅಂತ ಕೇಳ್ತಾರ. ಆಕೀ ತಾಯಿ ಬಾಜೂಕ ನೀ ಯಾಕಿದ್ದಿ ಅಂತ ಕೇಳ್ತಾರ. ಒಬ್ಬರ ಬಾಯಿಗೆ ಬಿದ್ರ ಕುಷ್ಟಗಿ ಮುಟ್ಟಾಕ ಎಷ್ಟೊತ್ತು? ನೌಕರೀನೂ ಇಲ್ದ ನಮ್ಮಪ್ಪನ ಮುಂದ ಯಾವ ಮಾರಿ ತಗೊಂಡು ನಿಂದರ್ಲಿ?"

"ನೌಕರಿ ಬಂದ್ರ ಬ್ಯಾರೆ ಮಾರಿ ಬರ್ತಿತ್ತೇನು?"

ಅವನು ತಲೆಯೆತ್ತಿದ. ಹೊಡೆತ ತಿಂದವನ ಕಣ್ಣು. ಅವಳು ಆ ಕಣ್ಣುಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ರೆಪ್ಪೆಗಳು ಉದ್ದ, ತುದಿಯಲ್ಲಿ ಕಂದು. ಎಡಗಣ್ಣಿನ ಬಿಳಿಯಲ್ಲಿ ಒಂದು ಚುಕ್ಕೆ. ಇವನ್ನೆಲ್ಲ ಅವಳು ಯಾವತ್ತೋ ಬಾಯಿಪಾಠ ಮಾಡಿಕೊಂಡಿದ್ದಳು.

"ನಮ್ಮವ್ವ ರಾಮಾಂಜಿ ಮನಿ ಕಡೆ ಕೇಳಸ್ತೀನಿ ಅಂತಾಳ," ಎಂದಳು. "ಏನ್ ಹೇಳ್ಲಿ ಆಕೀಗೆ? ಆಂವ ಹುಟ್ಟೇ ಇಲ್ಲ ಅಂತ ಹೇಳ್ಲೇನು?"

"ನೇತ್ರಾ, ಬಿಡ."

"ನೀ ನಮ್ಮ ಮನ್ಯಾಗ ಇಲ್ಲ. ನಾ ನಿಮ್ಮ ಮನ್ಯಾಗ ಇಲ್ಲ. ಮತ್ತ ನಾವಿಬ್ರೂ ಎಲ್ಲಿ ಅದೀವಿ?"

ಗಾಳಿಯಿರಲಿಲ್ಲ. ಕೆಳಗೆ ಗದ್ದೆಗಳ ನೀರು ಕಣ್ಣಿಗೆ ಚುಚ್ಚುವಂತೆ ಹೊಳೆಯುತ್ತಿತ್ತು. ಅವನು ಹುಲ್ಲುಕಡ್ಡಿಯ ಚೂರುಗಳನ್ನು ಕೊಡವಿ, "ಕೂಡೇ ಹೋಗೂಣು. ಸರ್ ಹಂತೇಕ. ಕೇಳಿದ್ರ ನಾನ ಹೇಳ್ತೀನಿ," ಎಂದ.

ಸರ್ ಡಯಾಲಿಸಿಸ್ ಮುಗಿಸಿ ಬಂದು ಮಂಚದ ಮೇಲೆ ಮಲಗಿದ್ದರು. ತೋಳಿಗೆ ಪಟ್ಟಿ. ಮುಖ ಹಳೆಯ ಕಾಗದದ ಬಣ್ಣ. ನೇತ್ರಾವತಿ ನೆಲದ ಮೇಲೆ ಕೂತು, ಲ್ಯಾಪ್‌ಟಾಪನ್ನು ಅವರ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದೊಂದೇ ಚಿತ್ರ ತೋರಿಸಿದಳು. ಕೈ ಸೋತರೂ ಇಳಿಸಲಿಲ್ಲ.

ಸರ್‌ಗೆ ಎರಡನೆಯ ಚಿತ್ರಕ್ಕೇ ತಿಳಿದಿತ್ತು. ಕೊನೆಯವರೆಗೆ ನೋಡಿದರು.

"ಗ್ಯಾಸ್," ಎಂದರು.

"ಹೌದ್ರಿ ಸರ್."

"ತಪ್ಪಾಗೂದು ತಪ್ಪಲ್ಲ. ಎರಡು ಕೋಣಿ ಅದಕ್ಕ ಮಾಡಿದ್ದು." ಅವರು ಉಸಿರು ತೆಗೆದುಕೊಂಡರು. "ಆದ್ರ ಎರಡೂ ಕೋಣಿ ಒಂದ ತಪ್ಪು ಹೆಂಗ ಮಾಡಿದ್ವು?"

ಫ್ಯಾನು ತಿರುಗುತ್ತಿತ್ತು. ಗೌಸಬೀ ಚಹದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ನೇತ್ರಾವತಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಳಿಸಿದಳು. ಇದು ಸಿದ್ದುವಿನ ಸರದಿ. ಅವಳು ಗೋಡೆಯನ್ನು ನೋಡುತ್ತ ಕಾದಳು.

"ನಾ ಕೊಟ್ಟೇನ್ರಿ ಸರ್." ಸಿದ್ದುವಿನ ದನಿ ಒಡೆದಿತ್ತು. "ಆಕೀ ತಾಯಿಗೆ ಆಪರೇಶನ್ ಆಗಿತ್ತು. ಆಕಿ ಮಕ್ಕೊಂಡಿದ್ದಿಲ್ಲ, ಉಂಡಿದ್ದಿಲ್ಲ. ನನಗ ನೋಡಾಕ ಆಗ್ಲಿಲ್ಲ. ನಾನ ಹಾಕಿದೆ. ಆಕಿ ಬ್ಯಾಡಂದಿದ್ಲು." ಅವಳ ಪಕ್ಕಕ್ಕೆ ಬಂದು ಕೂತ. "ನಾವಿಬ್ರೂ ಮದುವಿ ಆಗೋರದೀವ್ರಿ."

ಮೂರನೆಯವರ ಕಿವಿಗೆ ಆ ಮಾತು ಬಿದ್ದದ್ದು ಅದೇ ಮೊದಲು. ನೇತ್ರಾವತಿಗೆ ಗೋಡೆ ಮಸುಕಾಯಿತು. ಎಷ್ಟು ಸಲ ಈ ಮಾತನ್ನು ಕನಸಿನಲ್ಲಿ ಕೇಳಿದ್ದಳೋ. ಅಲ್ಲಿ ಯಾವಾಗಲೂ ಹಬ್ಬದ ಸೀರೆ ಉಟ್ಟಿರುತ್ತಿದ್ದಳು.

"ನನಗೇನು ಹೊಸಾದಲ್ಲ," ಎಂದಳು ಗೌಸಬೀ, ತಟ್ಟೆ ಕೆಳಗಿಡುತ್ತ. "ಬಾಗ್ಲಾಗ ಇಬ್ಬರ ಚಪ್ಪಲಿ ಒಂದಕ್ಕೊಂದು ಹತ್ತಿ ಕುಂತಿರತಿದ್ವು. ಇವರಿಗೆ ಆಕಾಶ ಕಾಣತೈತಿ, ಬಾಗ್ಲಾ ಕಾಣಂಗಿಲ್ಲ."

ಸರ್ ನಗಲಿಲ್ಲ. ಬಯ್ಯಲೂ ಇಲ್ಲ. "ಇಬ್ಬರು ನೋಡ್ಯಾರ ಅಂತ ನಾ ಜಗತ್ತಿಗೆ ಹೇಳೀನಿ," ಎಂದರು ಮೆಲ್ಲಗೆ. "ನೋಡಿದಾಂವ ಒಬ್ಬನ." ಆಮೇಲೆ ಗೋಡೆಯ ಕಡೆ ಹೊರಳಿದರು. "ಪೇಪರ್ ವಾಪಸ್ ತಗೋತೀವಿ ಅಂತ ಬರೀರಿ. ಕಾರಣಾನೂ ಬರೀರಿ. ಬಣ್ಣ ಹಚ್ಚಬ್ಯಾಡ್ರಿ. ಹೈದರಾಬಾದಿನಾವ್ರಿಗೆ ನಾನ ಹೇಳ್ತೀನಿ. ಸಿದ್ದಲಿಂಗೇಶ, ಆ ನೌಕರಿ ಇನ್ನ ಇಲ್ಲಪ."

"ಗೊತ್ತೈತ್ರಿ ಸರ್."

ಅವರ ಬೆನ್ನು ಬಹಳ ಸಣ್ಣದಾಗಿ ಕಂಡಿತು. ಗೌಸಬೀ ಅದರ ಮೇಲೆ ಚಾದರ ಎಳೆದಳು. ಚಹ ಯಾರೂ ಮುಟ್ಟಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೇ ಬಂದರು. ಅವಳ ಬ್ಯಾಗನ್ನು ಸಿದ್ದು ತನ್ನ ಹೆಗಲಿಗೆ ಹಾಕಿಕೊಂಡಿದ್ದ. ಇವತ್ತು ಜನರ ನಡುವೆ ಪಕ್ಕಪಕ್ಕವೇ ನಡೆದ. ಅವನ ಮುಖದಲ್ಲಿ ಜ್ವರ ಬಿಟ್ಟವನ ಹಗುರವಿತ್ತು.

"ನೋಡಿದ್ಯಾ, ಹೇಳಿದೆ," ಎಂದ. "ನನಗ ಹೇಳಾಕ ಬರಂಗಿಲ್ಲ ಅಂತ ತಿಳ್ಕೊಂಡಿದ್ದಿ."

"ಹೇಳಿದಿ." ಅವಳು ಅವನ ತೋಳು ಮುಟ್ಟಿದಳು, ಹಾಡಹಗಲು, ಎಲ್ಲರೆದುರು. "ಇನ್ನ ಒಂದೇ ಒಂದು ಕಡೆ ಹೇಳೂದೈತಿ. ನೌಕರಿ ಹೋತು. ಪಗಾರಿನ ದಾರಿ ನೋಡೂದು ಇಲ್ಲ. ಹೆಂಗೂ ಆ ಕಾರಣ ಓದಿದಾವ್ರೆಲ್ಲಾ ತಿಳ್ಕೊಂತಾರ. ಮಂದಿಯಿಂದ ಕೇಳೂದ್ಕಿಂತ ನಿನ್ನ ಬಾಯಿಂದ ಕೇಳ್ಲಿ. ನಿಮ್ಮವ್ವಗ ಫೋನ್ ಹಚ್ಚು. ಸರ್ ಮುಂದ ಹೇಳಿದ ದನಿಯಾಗನ ಹೇಳು."

"ಈಗ?"

"ಈಗ."

ಅವನು ಫೋನ್ ತೆಗೆದ. ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಧೈರ್ಯ ಬಂದವನಂತೆ ಸ್ಪೀಕರ್ ಒತ್ತಿ, "ನೀನೂ ಕೇಳು," ಎಂದು ಇಬ್ಬರ ನಡುವೆ ಹಿಡಿದ.

"ಸಿದ್ದೂ, ಉಂಡಿಯೇನಪಾ?" ಹೆಣ್ಣು ದನಿ, ಅವಸರವಿಲ್ಲದ್ದು.

"ಹೂನವ್ವ."

"ಸುಳ್ಳು. ದನಿ ಒಣಗೈತಿ. ಸಜ್ಜಿ ರೊಟ್ಟಿ ಬಡದೀನಿ, ಬೆಣ್ಣಿ ತಗದಿಟ್ಟೀನಿ. ನಿಮ್ಮಪ್ಪ ನೀ ಬಂದ ಮ್ಯಾಲ ಉಣ್ತೀನಿ ಅಂತ ಅಂಗಡ್ಯಾಗ ಕುಂತಾನ."

"ಯವ್ವಾ..."

"ಹೇಳಪಾ."

ಗಂಗಾವತಿ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ಸಿದ್ದು ಫೋನನ್ನು ಬಾಯಿಯ ಹತ್ತಿರಕ್ಕೆ ತಂದ. ನೇತ್ರಾವತಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ಅವು ಮಾತಿನ ಆಕಾರಕ್ಕೆ ಬಂದವು, ಹಾಗೆಯೇ ನಿಂತವು.

"ಭಾಳ ಗದ್ಲ ಐತಲ್ಲೋ. ಬಸ್‌ಸ್ಟ್ಯಾಂಡಿನ್ಯಾಗ ಅದಿಯೇನು? ಯಾರದಾರ ಜೋಡಿ?"

ಅವನು ನೇತ್ರಾವತಿಯನ್ನು ನೋಡಿದ. ನೇರವಾಗಿ, ಕಣ್ಣು ತಪ್ಪಿಸದೆ.

"ಯಾರೂ ಇಲ್ಲವ್ವ," ಎಂದ. "ಒಬ್ಬನ ಅದೀನಿ."

"ಲಗೂ ಬಾ ಹಂಗಾದ್ರ."

ಫೋನಿನ ಬೆಳಕು ಆರಿತು. ಅವನು ಅದನ್ನು ಕಿಸೆಗೆ ಹಾಕಿಕೊಳ್ಳುವುದನ್ನೂ ಮರೆತು ನಿಂತ. ಕಣ್ಣು ತುಂಬಿ, ಆ ಉದ್ದ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ನೇತ್ರಾವತಿ ಅವನ ಹೆಗಲಿನಿಂದ ತನ್ನ ಬ್ಯಾಗನ್ನು ಬಿಡಿಸಿಕೊಂಡಳು. ಪಟ್ಟಿಯಡಿ ಮಡಚಿಹೋಗಿದ್ದ ಅಂಗಿಯ ಕಾಲರನ್ನು ಎರಡು ಬೆರಳಿನಿಂದ ಸರಿಮಾಡಿದಳು.

"ನಾಳೆ ಮುಂಜಾನೆ ಸರ್ ಮನಿಗೆ ಬರ್ತೀನಿ. ಕಾರಣ ಬರೀಬೇಕು," ಎಂದಳು. "ಮದುವಿ ಆಗೋರಿದ್ರು ಅಂತ ಬರಿಯಂಗಿಲ್ಲ. ಒಬ್ಬರ ಮ್ಯಾಲ ಒಬ್ಬರಿಗೆ ಜೀವ ಇತ್ತು ಅಂತ ಬರೀತೀನಿ. ಅದು ಖರೆ ಐತಿ."

"ನೇತ್ರಾ. ನೇತ್ರಾ, ಸಿಟ್ಟಾದಿಯೇನು?"

ಅವಳು ಸಿಟ್ಟನ್ನು ಹುಡುಕಿ ನೋಡಿದವಳಂತೆ ತಲೆಯಲ್ಲಾಡಿಸಿದಳು.

"ಇಲ್ಲ. ನಿಮ್ಮವ್ವನ ದನಿ ಭಾಳ ಛಲೋ ಐತಿ," ಎಂದಳು. "ಇವತ್ತ ಕೇಳಿದೆ."

ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸು ಹತ್ತಿ, ಸಿದ್ದು ನಿಂತ ಕಡೆಗಲ್ಲ, ರಸ್ತೆಯ ಆ ಬದಿಯ ಕಿಟಕಿಯ ಪಕ್ಕ ಕೂತಳು.